ಸಬ್ಸಿಡಿ ಎಷ್ಟು ಸಿಗುತ್ತೆ ಸಾರ್?

ತುಮಕೂರು ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಮಾತಾಡಲು ಕರೆದಿದ್ದರು. ಕೊನೆಯ ವರ್ಷದ ಹುಡುಗರು, ಹುಡುಗಿಯರು, ಹಿಂದಿನ ಸಾಲಿನಲ್ಲಿ ಊರಿನ ಸ್ವಸಹಾಯ ಸಂಘದ ಒಂದಿಪ್ಪತ್ತು ಹೆಂಗಸರು. ಸರ್ಕಾರದ ನೆರವಿನಿಂದ ಸಣ್ಣ ಉದ್ದಿಮೆ ಬೆಳೆಯುತ್ತದಾ ಅನ್ನುವುದು ವಿಷಯ. ನಾನಿನ್ನೂ ಮೈಕ್ ಹಿಡಿದಿರಲಿಲ್ಲ, ಮುಂದೆ ಕೂತಿದ್ದ ಹುಡುಗನೊಬ್ಬ ಎದ್ದು ನಿಂತು ಕೇಳಿಬಿಟ್ಟ, "ಸಬ್ಸಿಡಿ ಎಷ್ಟು ಸಿಗುತ್ತೆ ಸಾರ್?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದು ನ್ಯಾಯವಾದ ಪ್ರಶ್ನೆ. ಇಪ್ಪತ್ತೆರಡು ವರ್ಷದ ಹಿಂದೆ ಜಿಲ್ಲಾ ಕೈಗಾರಿಕಾ ಕೇಂದ್ರದ ಮೆಟ್ಟಿಲು ಹತ್ತಿ ನಾನೂ ಮೊದಲು ಕೇಳಿದ್ದು ಅದನ್ನೇ. ಅವತ್ತು ಹೇಳಿದ್ದನ್ನು ಬರೆದುಕೊಡಿ ಅಂತ ಅಲ್ಲಿನ ಮೇಷ್ಟ್ರು ಕೇಳಿದರು. ಮಾತಾಡಿದ ಹಾಗೇ ಬರೆದಿದ್ದೇನೆ, ಸಮಯ ಸಾಲದೆ ಬಿಟ್ಟಿದ್ದನ್ನು ಅಲ್ಲಲ್ಲಿ ಸೇರಿಸಿದ್ದೇನೆ.

ಮೊದಲು ನಾನ್ಯಾರು ಅಂತ ಹೇಳಿಬಿಡುತ್ತೇನೆ. ಪೀಣ್ಯದಲ್ಲಿ ನನ್ನದೊಂದು ಮೆಷಿನ್ ಶಾಪ್ ಇದೆ. ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಎರಡು ಸಿಎನ್‌ಸಿ, ಒಂದು ವಿಎಂಸಿ, ಮೂರು ಹಳೇ ಲೇತು, ಹದಿನಾಲ್ಕು ಜನ. ಬುಶ್, ಫ್ಲ್ಯಾಂಜ್, ಶಾಫ್ಟ್ ಅಂತ ಯಂತ್ರಗಳ ಬಿಡಿಭಾಗ ಮಾಡುತ್ತೇವೆ. ದೊಡ್ಡ ಕಂಪನಿಗಳು ಡ್ರಾಯಿಂಗ್ ಕೊಡುತ್ತವೆ, ನಾವು ಜಾಬ್ ವರ್ಕ್ ಮಾಡಿ ಕಳಿಸುತ್ತೇವೆ. ನನ್ನ ಹೆಸರು ಯಾವ ಪಂಪಿನ ಮೇಲೂ ಇರುವುದಿಲ್ಲ, ಆದರೆ ಎಷ್ಟೋ ಪಂಪುಗಳ ಒಳಗೆ ನಮ್ಮ ಶೆಡ್ಡಿನ ಕೆಲಸ ತಿರುಗುತ್ತಾ ಇರುತ್ತದೆ. ಐಟಿಐ ಓದಿದವನು ನಾನು, ಅರ್ಥಶಾಸ್ತ್ರ ಗೊತ್ತಿಲ್ಲ. ಕಂಡಿದ್ದನ್ನು ಹೇಳಬಲ್ಲೆ.

ಈಗ ಆ ಹುಡುಗನ ಪ್ರಶ್ನೆ. ಇವತ್ತು ಹೊಸದಾಗಿ ಶುರು ಮಾಡುವವರಿಗೆ ಎಲ್ಲರ ಬಾಯಲ್ಲೂ ಇರುವುದು ಪಿಎಂಇಜಿಪಿ, ಅಂದರೆ ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ. 2008ರಲ್ಲಿ ಬಂತು. ತಯಾರಿಕೆ ಘಟಕ ಆದರೆ 50 ಲಕ್ಷದವರೆಗೆ, ಸೇವೆ ಆದರೆ 20 ಲಕ್ಷದವರೆಗೆ ಯೋಜನಾ ವೆಚ್ಚ ತೋರಿಸಬಹುದು. ಸಾಮಾನ್ಯ ವರ್ಗದವರಿಗೆ ಪೇಟೆಯಲ್ಲಿ ಶೇ 15, ಹಳ್ಳಿಯಲ್ಲಿ ಶೇ 25 ಸಬ್ಸಿಡಿ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು ಮುಂತಾದವರಿಗೆ ಅದೇ ಶೇ 25 ಮತ್ತು 35. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೇ ಇರುವುದು ಮುಂದಿನದು. ಆ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ ಮೂರು ವರ್ಷ ಠೇವಣಿಯಾಗಿ ಕೂತಿರುತ್ತದೆ. ಮೂರು ವರ್ಷ ಘಟಕ ನಡೆದಿದ್ದರೆ, ಬಂದು ನೋಡಿದವರು ಹೌದು ನಡೆಯುತ್ತಿದೆ ಅಂದರೆ, ಆಗ ಸಾಲಕ್ಕೆ ಜಮಾ ಆಗುತ್ತದೆ. ಅಷ್ಟು ದಿನ ಘಟಕವನ್ನು ನಡೆಸಬೇಕಾದವರು ನೀವೇ. ಇದನ್ನು ತಿಳಿಯದೆ, ಮಧ್ಯದಲ್ಲಿ ಯಾರೋ ಏಜೆಂಟು ಹೇಳಿದ್ದು ಕೇಳಿ, ಸಬ್ಸಿಡಿ ದುಡ್ಡಲ್ಲೇ ಕಚ್ಚಾ ಮಾಲು ತರೋಣ ಅಂತ ಲೆಕ್ಕ ಹಾಕಿ ಕೂತವರನ್ನು ನಾನು ನೋಡಿದ್ದೇನೆ. ಮೆಷಿನ್ ಬಂದಿರುತ್ತದೆ, ಓಡಿಸಲು ಕೈಯಲ್ಲಿ ಕಾಸಿರುವುದಿಲ್ಲ.

ನನಗೆ ಸಿಕ್ಕ ಸಬ್ಸಿಡಿ ಎಷ್ಟು ಗೊತ್ತಾ? 7,500 ರೂಪಾಯಿ. ಆಗ ಪಿಎಂಆರ್‌ವೈ, ಅಂದರೆ ಪ್ರಧಾನ ಮಂತ್ರಿ ರೋಜ್‌ಗಾರ್ ಯೋಜನೆ ಅಂತ ಇತ್ತು, ಓದಿದ ನಿರುದ್ಯೋಗಿಗಳಿಗೆ. ಎರಡು ಲಕ್ಷದವರೆಗಿನ ಯೋಜನೆ, ಶೇ 15 ಸಬ್ಸಿಡಿ ಅನ್ನುತ್ತಿದ್ದರು, ಆದರೆ 7,500ಕ್ಕಿಂತ ಜಾಸ್ತಿ ಇಲ್ಲ. ಆ ಸಾಲದಲ್ಲಿ ರಾಜ್‌ಕೋಟ್‌ನ ಒಂದು ಲೇತು ತಂದೆ. ಲಗ್ಗೆರೆ ಕಡೆ ಶೀಟಿನ ಶೆಡ್ಡು, ಮಳೆ ಬಂದರೆ ಲೇತಿನ ಮೇಲೆ ಟಾರ್ಪಾಲು. ಆ ಸಾಲ ಇಲ್ಲದಿದ್ದರೆ ನಾನು ಶುರು ಮಾಡುತ್ತಿರಲೇ ಇಲ್ಲ, ಅದು ಖಂಡಿತ. ಆದರೆ ಒಂದು ಲೇತಿನಿಂದ ಇಲ್ಲಿಗೆ ಬಂದದ್ದು ಆ 7,500ರಿಂದ ಅಲ್ಲ. ಶುರು ಮಾಡಿಸುವ ನೆರವು ಒಂದು, ಬೆಳೆಸುವ ನೆರವು ಇನ್ನೊಂದು. ನಮ್ಮಲ್ಲಿ ಮೊದಲನೆಯದಕ್ಕೆ ಫ್ಲೆಕ್ಸು, ಮೇಳ, ಭಾಷಣ ಎಲ್ಲ ಇದೆ. ಎರಡನೆಯದರ ಬಗ್ಗೆ ಮಾತಾಡುವವರೇ ಕಡಿಮೆ. ಅವತ್ತು ಒಂದು ಗಂಟೆ ನಾನು ಮಾತಾಡಿದ್ದು ಅದರ ಬಗ್ಗೆಯೇ.

ಪೀಣ್ಯ ಹೇಗೆ ಬೆಳೆಯಿತು ನೋಡಿ. ಬೆಂಗಳೂರಿನಲ್ಲಿ ವಿಮಾನದ ಎಚ್‌ಎಎಲ್ 1940ರಲ್ಲಿ, ಟೆಲಿಫೋನ್ ಕಾರ್ಖಾನೆ ಐಟಿಐ 1948ರಲ್ಲಿ, ಯಂತ್ರೋಪಕರಣದ ಎಚ್‌ಎಂಟಿ 1953ರಲ್ಲಿ, ಎಲೆಕ್ಟ್ರಾನಿಕ್ಸಿನ ಬಿಇಎಲ್ 1954ರಲ್ಲಿ ಶುರುವಾದವು. ಇವೆಲ್ಲ ಎಲ್ಲವನ್ನೂ ಒಳಗೇ ಮಾಡಿಕೊಳ್ಳಲು ಆಗುವುದಿಲ್ಲ. ಒಂದು ಬೋಲ್ಟು, ಒಂದು ಬ್ರಾಕೆಟ್ಟು, ಒಂದು ಬುಶ್ ಹೊರಗಡೆ ಮಾಡಿಸಬೇಕು. ಯಾರು ಮಾಡಬೇಕು? ಅಲ್ಲೇ ಕೆಲಸ ಕಲಿತು ಹೊರಗೆ ಬಂದವರು. ರಾಜ್ಯ ಸರ್ಕಾರ 1959ರಲ್ಲಿ ಕೆಎಸ್‌ಎಫ್‌ಸಿ ಮಾಡಿತು, ಸಾಲಕ್ಕೆ. 1960ರಲ್ಲಿ ಕೆಎಸ್‌ಎಸ್‌ಐಡಿಸಿ ಮಾಡಿತು, ಶೆಡ್ಡು ಕಟ್ಟಿಕೊಡುವುದಕ್ಕೆ. 1966ರಲ್ಲಿ ಕೆಐಎಡಿಬಿ, ಜಾಗಕ್ಕೆ. 1970ರ ದಶಕದಲ್ಲಿ ಪೀಣ್ಯ ಎದ್ದು ನಿಂತಿತು. ತುಮಕೂರು ರಸ್ತೆಯಲ್ಲೇ ಸಿಎಂಟಿಐ ಇತ್ತು, 1962ರಿಂದ, ಯಂತ್ರೋಪಕರಣದ ತಂತ್ರಜ್ಞಾನಕ್ಕೇ ಮೀಸಲಾದ ಸಂಸ್ಥೆ. ರಾಜಾಜಿನಗರದಲ್ಲಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಾಯದಿಂದ ಟೂಲ್ ರೂಂ, ಅಂದರೆ ಅಚ್ಚು ಮಾಡುವುದನ್ನು ಕಲಿಸುವ ಕೇಂದ್ರ ಬಂತು, ಈಗ ಅದನ್ನೇ ಜಿಟಿಟಿಸಿ ಅನ್ನುತ್ತೇವೆ. ಅಲ್ಲಿ ಡೈ, ಮೌಲ್ಡು ಕಲಿತ ಹುಡುಗರು ಪೀಣ್ಯದ ಎಷ್ಟೋ ಟೂಲ್ ರೂಂಗಳಲ್ಲಿ ಇದ್ದಾರೆ. ಕೆಲವರು ಸ್ವಂತದ್ದು ಇಟ್ಟುಕೊಂಡಿದ್ದಾರೆ.

ಅಂದರೆ ಏನಾಯಿತು? ಜಾಗ ಸಿಕ್ಕಿತು, ಕೆಲಸ ಬಲ್ಲವರು ಸಿಕ್ಕರು, ಅಳತೆ ನೋಡಿಕೊಡುವವರು ಸಿಕ್ಕರು, ಮುಖ್ಯವಾಗಿ ಕೊಳ್ಳುವವರು ಇದ್ದರು. ಸರ್ಕಾರದ ಕಾರ್ಖಾನೆಯೇ ಮೊದಲ ಗಿರಾಕಿ. ನನ್ನ ಪ್ರಕಾರ ಕರ್ನಾಟಕದಲ್ಲಿ ಸಣ್ಣ ಉದ್ದಿಮೆಗೆ ಸಿಕ್ಕ ಎಲ್ಲಕ್ಕಿಂತ ದೊಡ್ಡ ಸರ್ಕಾರಿ ನೆರವು ಅಂದರೆ ಇದೇ. ಇದಕ್ಕೆ ಯಾರೂ ಸಬ್ಸಿಡಿ ಅಂತ ಹೆಸರಿಡಲಿಲ್ಲ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಎಚ್‌ಎಂಟಿಯಲ್ಲಿ ಇದ್ದು ಬಂದವರು. ಲೇತಿನ ಮುಂದೆ ನಿಂತರೆ ಚಿಪ್ಸ್ ಬೀಳುವ ಸದ್ದಿನಲ್ಲೇ ಟೂಲು ಮೊಂಡಾಗಿದೆಯಾ ಅಂತ ಹೇಳುತ್ತಿದ್ದರು. ನಾನು ಶುರು ಮಾಡಿದ ಎರಡನೇ ವರ್ಷ ಒಂದು ಸಾರ್ವಜನಿಕ ಕಾರ್ಖಾನೆಯಿಂದ ನಲವತ್ತು ಬುಶ್‌ಗಳ ಆರ್ಡರ್ ಬಂತು. ರಾತ್ರಿ ಎರಡರವರೆಗೆ ಕೂತು ಮಾಡಿ, ಒರೆಸಿ, ಎಣ್ಣೆ ಹಚ್ಚಿ, ಪೇಪರು ಸುತ್ತಿ ಕೊಟ್ಟೆ. ಹದಿನೇಳು ರಿಜೆಕ್ಟ್. ಒಳಗಿನ ಬೋರು, ಅಂದರೆ ತೂತಿನ ಅಳತೆ, ಪಾಯಿಂಟ್ ಸೊನ್ನೆ ಎರಡು ಕಡಿಮೆ ಇತ್ತು. ಒಂದು ಮಿಲಿಮೀಟರಿನ ನೂರು ಭಾಗದಲ್ಲಿ ಎರಡು ಭಾಗ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುವುದಿಲ್ಲ. ಅಲ್ಲಿನ ಇನ್‌ಸ್ಪೆಕ್ಟರ್ ವಾಪಸ್ ಕಳಿಸಿ ಸುಮ್ಮನಾಗಬಹುದಿತ್ತು. ಅವರು ಪಕ್ಕದಲ್ಲಿ ಕೂರಿಸಿಕೊಂಡು, ಬೋರ್ ಗೇಜನ್ನು ನನ್ನ ಕೈಗೇ ಕೊಟ್ಟು, "ಬಿಸಿ ಇದ್ದಾಗ ಅಳೆದಿದ್ದೀಯ, ಅಲ್ವಾ? ಆರಿದ ಮೇಲೆ ಅಳೆ" ಅಂದರು. ಅಷ್ಟೇ ಮಾತು. ಅವತ್ತಿನಿಂದ ನಮ್ಮ ಶೆಡ್ಡಿನಲ್ಲಿ ಕೆಲಸ ಆರಿದ ಮೇಲೇ ಅಳತೆ. ಕಟ್ಟುನಿಟ್ಟಾಗಿ ನೋಡುವ ಗಿರಾಕಿ, ತಪ್ಪು ತೋರಿಸಿ ತಿದ್ದುವ ಗಿರಾಕಿ ಸಿಕ್ಕಿದರೆ ಸಣ್ಣವನು ಬೆಳೆಯುತ್ತಾನೆ. ಆ ಒಂದು ಆರ್ಡರ್ ತೋರಿಸಿ ಮುಂದೆ ಮೂರು ಖಾಸಗಿ ಕಂಪನಿಗಳ ಕೆಲಸ ಹಿಡಿದೆ.

ಕೇಂದ್ರ ಸರ್ಕಾರ 2012ರಲ್ಲಿ ಒಂದು ಆದೇಶ ಮಾಡಿತು. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ಕೊಳ್ಳುವುದರಲ್ಲಿ ಶೇ 20 ಸಣ್ಣ, ಅತಿ ಸಣ್ಣ ಘಟಕಗಳಿಂದಲೇ ಕೊಳ್ಳಬೇಕು ಅಂತ. ಆಮೇಲೆ ಅದು ಶೇ 25 ಆಯಿತು. ಅದರೊಳಗೆ ಶೇ 4 ಪರಿಶಿಷ್ಟರ ಘಟಕಗಳಿಂದ, ಶೇ 3 ಮಹಿಳೆಯರ ಘಟಕಗಳಿಂದ. ಟೆಂಡರ್ ಫಾರಂ ಉಚಿತ, ಮುಂಗಡ ಠೇವಣಿ ಕಟ್ಟಬೇಕಿಲ್ಲ. 2016ರಿಂದ ಜೆಮ್ ಪೋರ್ಟಲ್ ಇದೆ, ಸರ್ಕಾರ ಕೊಳ್ಳುವ ಆನ್‌ಲೈನ್ ಮಾರುಕಟ್ಟೆ, ಅಲ್ಲೇ ನೋಂದಾಯಿಸಿ ಮಾರಬಹುದು. ಹುಡುಗರೇ, ಸಬ್ಸಿಡಿ ಪಟ್ಟಿ ಬಾಯಿಪಾಠ ಮಾಡುವ ಬದಲು ಇದನ್ನು ಓದಿಕೊಳ್ಳಿ ಅಂತ ಅವತ್ತು ಜೋರಾಗಿಯೇ ಹೇಳಿದೆ.

ಎಲ್ಲ ನೆರವೂ ಬೆಳೆಸುವುದಿಲ್ಲ. ಕೆಲವು ಕುಳ್ಳಾಗಿಯೇ ಇಡುತ್ತವೆ. ಇದನ್ನೂ ಹೇಳಬೇಕು.

1967ರಲ್ಲಿ ಸರ್ಕಾರ 47 ವಸ್ತುಗಳನ್ನು ಸಣ್ಣ ಕೈಗಾರಿಕೆಗೆ ಮಾತ್ರ ಅಂತ ಮೀಸಲಿಟ್ಟಿತು. ದೊಡ್ಡವರು ಮಾಡುವ ಹಾಗಿಲ್ಲ. ಪಟ್ಟಿ ಬೆಳೆದು ಬೆಳೆದು 800 ದಾಟಿತು. ಉದ್ದೇಶ ಒಳ್ಳೆಯದೇ. ಆದರೆ ಸಣ್ಣವರು ಅಂದರೆ ಯಾರು? ಯಂತ್ರಕ್ಕೆ ಇಷ್ಟು ಬಂಡವಾಳಕ್ಕಿಂತ ಜಾಸ್ತಿ ಹಾಕಿರಬಾರದು, ಅದು ಅಳತೆ. ಒಳ್ಳೆಯ ಮೆಷಿನ್ ಕೊಂಡರೆ ಗೆರೆ ದಾಟುತ್ತೀರಿ. ಗೆರೆ ದಾಟಿದರೆ ಮೀಸಲೂ ಇಲ್ಲ, ರಿಯಾಯಿತಿಯೂ ಇಲ್ಲ. ನಮ್ಮ ಬೀದಿಯಲ್ಲಿ ಸ್ಟೀಲ್ ಬೀರು ಮಾಡುವವರು ಒಬ್ಬರಿದ್ದರು. ಬೀರೂ ಆ ಪಟ್ಟಿಯಲ್ಲಿತ್ತು. ಒಂದೇ ಗೇಟು, ಗೇಟಿನ ಮೇಲೆ ಮೂರು ಬೋರ್ಡು. ಒಂದು ಅವರ ಹೆಸರಲ್ಲಿ, ಒಂದು ತಮ್ಮನ ಹೆಸರಲ್ಲಿ, ಒಂದು ಮನೆಯವರ ಹೆಸರಲ್ಲಿ. ಒಳಗೆ ಗೋಡೆ ಕೂಡ ಇರಲಿಲ್ಲ, ನೆಲದ ಮೇಲೆ ಹಳದಿ ಬಣ್ಣದ ಗೆರೆ ಎಳೆದಿದ್ದರು. ಮೂರು ಲೆಕ್ಕದ ಪುಸ್ತಕ, ಮೂರು ಕರೆಂಟ್ ಮೀಟರು. ಅವರು ಮೋಸಗಾರರಲ್ಲ, ಒಳ್ಳೆಯ ಕೆಲಸಗಾರರು. ಬೆಳೆದರೆ ನಷ್ಟ ಅನ್ನುವ ನಿಯಮ ಇದ್ದರೆ ಯಾರು ತಾನೇ ಬೆಳೆಯುತ್ತಾರೆ? ಒಂದು ದೊಡ್ಡ ಪವರ್ ಪ್ರೆಸ್ ಹಾಕಿದ್ದರೆ ಅವರ ಬೀರು ಇನ್ನೂ ಚೆನ್ನಾಗಿ, ಇನ್ನೂ ಕಡಿಮೆ ಬೆಲೆಗೆ ಬರುತ್ತಿತ್ತು. ಹಾಕಲಿಲ್ಲ. 2015ರ ಏಪ್ರಿಲ್‌ನಲ್ಲಿ ಪಟ್ಟಿಯ ಕೊನೆಯ 20 ವಸ್ತುಗಳನ್ನೂ ತೆಗೆದರು. ಉಪ್ಪಿನಕಾಯಿ, ಬ್ರೆಡ್, ಅಗರಬತ್ತಿ, ಬೆಂಕಿಪೊಟ್ಟಣ, ಬೀಗ, ಬೀರು, ಎಲ್ಲ ಹೋದವು. ಅಷ್ಟರಲ್ಲಿ ದೊಡ್ಡ ಕಂಪನಿಗಳ ಮಾಲು ಬಂದಾಗಿತ್ತು. ಅವರು ಎದುರಿಸಲು ತಯಾರಿರಲಿಲ್ಲ, ಯಾಕೆಂದರೆ ಅಷ್ಟು ವರ್ಷ ತಯಾರಾಗುವ ಅವಕಾಶವನ್ನೇ ಕೊಟ್ಟಿರಲಿಲ್ಲ.

ಈಗ ಆ ಗೆರೆಯನ್ನು ತುಂಬಾ ಮೇಲಕ್ಕೆ ಏರಿಸಿದ್ದಾರೆ. 2006ರ ಸಣ್ಣ ಉದ್ದಿಮೆಗಳ (ಎಂಎಸ್‌ಎಂಇ) ಕಾಯ್ದೆಯಲ್ಲಿ ಅತಿ ಸಣ್ಣ ತಯಾರಿಕಾ ಘಟಕ ಅಂದರೆ ಯಂತ್ರಕ್ಕೆ 25 ಲಕ್ಷದೊಳಗೆ ಹಾಕಿದವರು. 2020ರ ಜುಲೈನಿಂದ ಒಂದು ಕೋಟಿ, ವಹಿವಾಟು ಐದು ಕೋಟಿ. 2025ರ ಏಪ್ರಿಲ್‌ನಿಂದ ಎರಡೂವರೆ ಕೋಟಿ, ವಹಿವಾಟು ಹತ್ತು ಕೋಟಿ. ಒಂದು ಸಿಎನ್‌ಸಿ ತಂದರೆ ಗೆರೆ ದಾಟಿಬಿಡುತ್ತೇನಾ ಅನ್ನುವ ಹೆದರಿಕೆ ಇಲ್ಲ. ಇದು ಒಳ್ಳೆಯ ಕೆಲಸ, ಮನಸ್ಸು ಬಿಚ್ಚಿ ಹೊಗಳುತ್ತೇನೆ. ಒಂದು ಚಿಂತೆ ಮಾತ್ರ ಇದೆ. ನನ್ನಂಥ ಹದಿನಾಲ್ಕು ಜನರ ಘಟಕವೂ, ಒಬ್ಬಳೇ ಕೂತು ಹಪ್ಪಳ ಲಟ್ಟಿಸುವ ಹೆಣ್ಣುಮಗಳೂ ಈಗ ಒಂದೇ ಪಟ್ಟಿಯಲ್ಲಿದ್ದೇವೆ. ಬ್ಯಾಂಕಿನವರು ಅತಿ ಸಣ್ಣವರಿಗೆ ಇಷ್ಟು ಸಾಲ ಕೊಟ್ಟೆವು ಅಂತ ಲೆಕ್ಕ ತೋರಿಸುವಾಗ ನನಗೆ ಕೊಟ್ಟರೂ ಲೆಕ್ಕ ತುಂಬುತ್ತದೆ. ಆಕೆಯ ಸರದಿ ಹಿಂದೆ ಬೀಳಬಾರದು.

ಸಾಲದ ಮಾತಿಗೆ ಬರೋಣ. ಕಡಿಮೆ ಬಡ್ಡಿ ಸಾಲ ಕೊಟ್ಟರೆ ಸಣ್ಣವರು ನಿಜವಾಗಿ ಬೆಳೆಯುತ್ತಾರಾ, ಇಲ್ಲ ಸುಮ್ನೆ ದುಬಾರಿ ಸಾಲ ತೀರಿಸಿಕೊಂಡು ಕೂರುತ್ತಾರಾ? ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಇಬ್ಬರೂ ನಮ್ಮ ದೇಶದ ಒಂದು ಬ್ಯಾಂಕಿನ ಕಡತಗಳನ್ನೇ ಹಿಡಿದು ಇದನ್ನು ನೋಡಿದ್ದಾರೆ. ಬ್ಯಾಂಕುಗಳು ಸಣ್ಣವರಿಗೆ ಕೊಡಲೇಬೇಕಾದ ಆದ್ಯತಾ ಸಾಲ ಯಾರಿಗೆ ಸಿಗಬೇಕು ಅನ್ನುವ ಯಂತ್ರ ಬಂಡವಾಳದ ಮಿತಿಯನ್ನು 1998ರಲ್ಲಿ ಸರ್ಕಾರ 65 ಲಕ್ಷದಿಂದ ಮೂರು ಕೋಟಿಗೆ ಏರಿಸಿತ್ತು. ಹೊಸದಾಗಿ ಆ ಮಿತಿಯೊಳಗೆ ಬಂದ ಘಟಕಗಳಿಗೆ ಸಾಲ ಜಾಸ್ತಿ ಸಿಕ್ಕಿತು, ಮಾರಾಟವೂ ಬೆಳೆಯಿತು. ಅಂದರೆ ಅಷ್ಟು ದಿನ ಅವರಿಗೆ ಕಡಿಮೆಯಾಗಿದ್ದು ಕೆಲಸ ಅಲ್ಲ, ದುಡ್ಡು. ನನಗೆ ಇದು ಓದುವ ಮೊದಲೇ ಗೊತ್ತಿತ್ತು, ಮೈಮೇಲೆ ಬಂದಿತ್ತಲ್ಲ.

ಮುದ್ರಾ ಸಾಲ ಯೋಜನೆ 2015ರಲ್ಲಿ ಬಂತು. ಶಿಶು ಅಂದರೆ 50 ಸಾವಿರದವರೆಗೆ, ಕಿಶೋರ ಐದು ಲಕ್ಷದವರೆಗೆ, ತರುಣ ಹತ್ತು ಲಕ್ಷದವರೆಗೆ. ತರುಣದ ಸಾಲ ಸರಿಯಾಗಿ ತೀರಿಸಿದವರಿಗೆ ಈಗ 20 ಲಕ್ಷದವರೆಗೂ ಇದೆ. ಹೊಲಿಗೆ, ತರಕಾರಿ, ಟೀ ಅಂಗಡಿಯವರಿಗೆ ಶಿಶು ಸಾಲ ದೊಡ್ಡ ಉಪಕಾರ, ಮೀಟರ್ ಬಡ್ಡಿಯಿಂದ ಬಿಡುಗಡೆ. ಆದರೆ 50 ಸಾವಿರದಲ್ಲಿ ಲೇತಿನ ಚಕ್ಕು, ಮೋಟಾರು ಬರಬಹುದು, ಲೇತು ಬರುವುದಿಲ್ಲ. ಅದಕ್ಕಿಂತ ದೊಡ್ಡ ಸಾಲಕ್ಕೆ 2000ದಿಂದ ಸರ್ಕಾರವೂ ಸಣ್ಣ ಕೈಗಾರಿಕೆಗಳ ಬ್ಯಾಂಕಾದ ಸಿಡ್ಬಿಯೂ ಸೇರಿ ಮಾಡಿದ ಜಾಮೀನು ನಿಧಿ ಇದೆ. ಎಲ್ಲರೂ ಸಿಜಿಟಿಎಂಎಸ್‌ಇ ಅನ್ನುತ್ತಾರೆ. ಆಸ್ತಿ ಅಡ ಇಡದೆ ಸಾಲ ಕೊಡಿ, ಮುಳುಗಿದರೆ ಬಹುಪಾಲು ನಾವು ಕೊಡುತ್ತೇವೆ ಅಂತ ಬ್ಯಾಂಕಿಗೆ ಭರವಸೆ. ಮಿತಿ ಈಗ ಹತ್ತು ಕೋಟಿ. ಸಣ್ಣ ಘಟಕಗಳ ಹತ್ತು ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಕೇಳಲೇಬಾರದು ಅಂತ ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಆದರೂ ಮೇಜಿನ ಮುಂದೆ ಕೂತಾಗ ಬರುವ ಮೊದಲ ಪ್ರಶ್ನೆ ಇವತ್ತಿಗೂ ಅದೇ, "ಸೈಟ್ ಪತ್ರ ಇದೆಯಾ?" ನನಗೆ ಹಾಗೆ ಕೇಳಿದಾಗ ನಾನು ಬೇರೆ ಬ್ರಾಂಚಿಗೆ ಹೋದೆ. ಮೂರನೇ ಬ್ರಾಂಚಿನಲ್ಲಿ ಒಬ್ಬ ಹೆಣ್ಣುಮಗಳು ಮ್ಯಾನೇಜರು, ಹುಣಸೂರಿನ ಕಡೆಯವರು, ಶೆಡ್ಡಿಗೇ ಬಂದು ಮೆಷಿನ್ ಓಡುವುದನ್ನು ನಿಂತು ನೋಡಿ ಸಾಲ ಮಾಡಿದರು. ಯೋಜನೆ ಒಂದೇ, ಬ್ಯಾಂಕೂ ಒಂದೇ, ಕೂತವರು ಬೇರೆ. ಹಾಗಾಗಿ ಒಂದು ಬಾಗಿಲು ಮುಚ್ಚಿದರೆ ಮನೆಗೆ ಬಂದುಬಿಡಬೇಡಿ.

ಕೊರೊನಾ ಕಾಲದ್ದನ್ನೂ ಹೇಳಬೇಕು. 2020ರ ಮೇನಲ್ಲಿ ತುರ್ತು ಸಾಲ ಖಾತ್ರಿ ಯೋಜನೆ ತಂದರು. ಬಾಕಿ ಇರುವ ಸಾಲದ ಶೇ 20ರಷ್ಟು ಹೊಸ ಸಾಲ, ಪೂರ್ತಿ ಸರ್ಕಾರದ ಖಾತ್ರಿ, ಮೊದಲ ವರ್ಷ ಅಸಲು ಕಟ್ಟುವುದಿಲ್ಲ. ಬ್ಯಾಂಕಿನವರೇ ಫೋನ್ ಮಾಡಿ ಬೇಕಾ ಅಂತ ಕೇಳಿದರು! ಹೊಸ ಆಸ್ತಿ ಕೇಳಲಿಲ್ಲ. ಆ ದುಡ್ಡಿನಲ್ಲಿ ನಾಲ್ಕು ತಿಂಗಳು ಹುಡುಗರನ್ನು ಉಳಿಸಿಕೊಂಡೆ. ಬಿಹಾರಕ್ಕೆ ಹೋದ ಇಬ್ಬರು ವಾಪಸ್ ಬಂದರು. ನೆರವು ಬೇಗ ಬಂದರೆ, ಕೇಳದೆ ಬಂದರೆ, ಎಷ್ಟು ಕೆಲಸ ಮಾಡುತ್ತದೆ ಅಂತ ಅವತ್ತು ಕಣ್ಣಾರೆ ನೋಡಿದೆ.

ಈಗ ನನ್ನ ಹೊಟ್ಟೆಯ ಮಾತು. ಸಣ್ಣ ಘಟಕಗಳು ಸಾಯುವುದು ಶುರುವಿನಲ್ಲಲ್ಲ. ನಾನು ನೋಡಿದ ಹಾಗೆ ಮೂರನೇ ವರ್ಷ. ಆರ್ಡರ್ ಇರುತ್ತದೆ, ಕೆಲಸ ಚೆನ್ನಾಗಿರುತ್ತದೆ, ದುಡ್ಡು ಬಂದಿರುವುದಿಲ್ಲ.

ನನ್ನ ಮೇಜಿನ ಎಡಗಡೆ ಒಂದು ನೀಲಿ ಫೈಲು ಇರುತ್ತದೆ. ಬಾಕಿ ಬಿಲ್ಲುಗಳ ಫೈಲು. ಪ್ರತಿ ಬಿಲ್ಲಿನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ದಿನ ಬರೆಯುತ್ತೇನೆ, ಪ್ರತಿ ಸೋಮವಾರ ಅಳಿಸಿ ತಿದ್ದುತ್ತೇನೆ. 52, 59, 66. ಒಂದು ಬಿಲ್ಲಿನ ಮೂಲೆ ಅಳಿಸಿ ಅಳಿಸಿ ತೂತೇ ಬಿದ್ದಿತ್ತು. 137 ದಿನ, ನಾಲ್ಕು ಲಕ್ಷ ಮೂವತ್ತು ಸಾವಿರ. ಆ ತಿಂಗಳು ಏಳನೇ ತಾರೀಖು ಸಂಬಳ ಕೊಡಲು ಕಾಸಿಲ್ಲದೆ, ಲೇತಿನ ಕೆಳಗೆ ಬಿದ್ದ ಚಿಪ್ಸನ್ನೆಲ್ಲ ಮೂಟೆ ಕಟ್ಟಿ ಗುಜರಿಯವರಿಗೆ ತೂಕಕ್ಕೆ ಹಾಕಿ, ಅರ್ಧ ಸಂಬಳ ಕೊಟ್ಟು, ಉಳಿದದ್ದು ಹದಿನೈದಕ್ಕೆ ಅಂತ ಹುಡುಗರಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು. ಆ ಬಿಲ್ಲಿನ ಜಿಎಸ್‌ಟಿಯನ್ನು ನಾನು ಯಾವತ್ತೋ ಕಟ್ಟಿಯಾಗಿತ್ತು. ಬಿಲ್ಲು ಹಾಕಿದ ಮುಂದಿನ ತಿಂಗಳೇ ತೆರಿಗೆ ಕಟ್ಟಬೇಕು, ದುಡ್ಡು ಬಂದಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಬ್ಯಾಂಕಿನ ಕಂತು 90 ದಿನ ತಡವಾದರೆ ನನ್ನ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ನನಗೆ ಕೊಡಬೇಕಾದವರು 137 ದಿನ ತಡ ಮಾಡಿದರೆ? ಅವರ ಹೆಸರು ಹಾಗೇ ಇರುತ್ತದೆ.

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಅದೇ ವರ್ಷ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಅತಿ ಸಣ್ಣ, ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಕೊಡಲು 2017ರಿಂದ ಸಮಾಧಾನ್ ಪೋರ್ಟಲ್ ಇದೆ, ವಿಚಾರಣೆಗೆ ಕೌನ್ಸಿಲ್ ಇದೆ, 90 ದಿನದಲ್ಲಿ ತೀರ್ಮಾನ ಆಗಬೇಕು ಅಂತಲೂ ಬರೆದಿದೆ. ಇಷ್ಟು ಗಟ್ಟಿ ಕಾನೂನು ಇದ್ದರೂ ನಾನು ಆ 137 ದಿನದ ಬಿಲ್ಲಿಗೆ ದೂರು ಕೊಡಲಿಲ್ಲ. ಯಾಕೆ? ನನ್ನ ಕೆಲಸದ ಮೂರನೇ ಒಂದು ಭಾಗ ಅವರದೇ ಆಗಿತ್ತು. ದೂರು ಕೊಟ್ಟ ದಿನ ಆರ್ಡರ್ ನಿಲ್ಲುತ್ತದೆ. ಬಡ್ಡಿ ಗೆದ್ದು ಗಿರಾಕಿ ಕಳೆದುಕೊಂಡರೆ ಹದಿನಾಲ್ಕು ಜನರನ್ನು ಏನು ಮಾಡಲಿ? ಪೀಣ್ಯದಲ್ಲಿ ಯಾರನ್ನಾದರೂ ಕೇಳಿ, ಇದೇ ಉತ್ತರ. ದೂರು ಕೊಡುವುದು ಗಿರಾಕಿ ಹೇಗೂ ಹೋಗಿಯಾದ ಮೇಲೆ.

2024ರ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕದಿಂದ ಆದಾಯ ತೆರಿಗೆಯ 43ಬಿ ಕಲಮಿನಲ್ಲಿ ಒಂದು ಸಾಲು ಸೇರಿತು. ಅತಿ ಸಣ್ಣ, ಸಣ್ಣ ಘಟಕಕ್ಕೆ ಆ 45 ದಿನದ ಒಳಗೆ ಕೊಡದ ದುಡ್ಡನ್ನು ಕೊಳ್ಳುವ ಕಂಪನಿ ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ದೂರು ಕೊಡುವ ಕಷ್ಟ ನನ್ನ ಮೇಲಿಲ್ಲ, ಅವರ ಆಡಿಟರೇ ಅವರನ್ನು ಕೇಳುತ್ತಾರೆ. ನೋಡಿ, ಇದು ಬುದ್ಧಿವಂತ ನೆರವು. ಸರ್ಕಾರ ತಾನು ಒಂದು ರೂಪಾಯಿ ಖರ್ಚು ಮಾಡಲಿಲ್ಲ, ಆ ಮಾರ್ಚ್ ತಿಂಗಳಲ್ಲಿ ನನ್ನ ನೀಲಿ ಫೈಲು ಅರ್ಧ ಖಾಲಿಯಾಯಿತು. ಆದರೆ ಇನ್ನೊಂದೂ ನಡೆಯಿತು. ಒಂದು ಗಿರಾಕಿ ಕಂಪನಿಯಿಂದ ಫೋನ್ ಬಂತು. ಬಿಲ್ಲಿನ ಮೇಲೆ ಉದ್ಯಮ್ ನಂಬರ್ (ಸಣ್ಣ ಘಟಕ ಅನ್ನುವ ಸರ್ಕಾರಿ ನೋಂದಣಿಯ ನಂಬರ್) ಹಾಕಬೇಡಿ, ಸಾಧ್ಯವಾದರೆ ನೋಂದಣಿಯನ್ನೇ ರದ್ದು ಮಾಡಿಸಿ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಅಂದರು. ನಾನು ಒಪ್ಪಲಿಲ್ಲ. ಅವರ ಕೆಲಸ ಕಡಿಮೆಯಾಯಿತು. ಆಗ ನನಗೆ ಬೇರೆ ಗಿರಾಕಿಗಳಿದ್ದರು, ಒಪ್ಪದೇ ಇರುವ ಶಕ್ತಿ ಇತ್ತು. ಶುರುವಿನ ವರ್ಷಗಳಲ್ಲಿ ಆಗಿದ್ದರೆ ಏನು ಮಾಡುತ್ತಿದ್ದೆನೋ.

ಟ್ರೆಡ್ಸ್ ಅಂತ ಇನ್ನೊಂದಿದೆ. ನೀವು ಹಾಕಿದ ಬಿಲ್ಲನ್ನು ಕಂಪನಿ ಒಪ್ಪಿಕೊಂಡರೆ, ಆ ಆನ್‌ಲೈನ್ ವೇದಿಕೆಯಲ್ಲಿ ಬ್ಯಾಂಕುಗಳು ಆ ಬಿಲ್ಲನ್ನೇ ಕೊಂಡು ಸ್ವಲ್ಪ ಬಡ್ಡಿ ಹಿಡಿದು ಒಂದೆರಡು ದಿನದಲ್ಲಿ ದುಡ್ಡು ಹಾಕುತ್ತವೆ. ಬಡ್ಡಿ ನಿಮ್ಮ ಯೋಗ್ಯತೆ ನೋಡಿ ಅಲ್ಲ, ಕೊಳ್ಳುವ ಕಂಪನಿಯ ಯೋಗ್ಯತೆ ನೋಡಿ. ಹಾಗಾಗಿ ಕಡಿಮೆ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಇದಕ್ಕೆ ಸೇರಲೇಬೇಕು ಅಂತ ನಿಯಮ ಇದೆ. ಸೇರುವುದು ಕಡ್ಡಾಯ, ನಮ್ಮ ಬಿಲ್ಲನ್ನು ಅಲ್ಲಿ ಒಪ್ಪುವುದು ಮಾತ್ರ ಅವರ ಇಷ್ಟ. ಆ ಒಂದು ಕಡೆ ಬಿಗಿ ಮಾಡಿದರೆ ನನ್ನಂಥವರಿಗೆ ಹತ್ತು ಹೊಸ ಯೋಜನೆಗಿಂತ ಜಾಸ್ತಿ ಉಪಯೋಗ.

ಹಿಂದಿನ ಸಾಲಿನ ಹೆಂಗಸರಿಗೆ ಈ ಬಿಲ್ಲು, ಬೋರ್ ಗೇಜು ಎಲ್ಲ ದೂರದ ಮಾತು ಅನ್ನಿಸಿರಬಹುದು. ಅದಕ್ಕೇ ಉಜಿರೆಯ ವಿಷಯ ಹೇಳಿದೆ. 1982ರಲ್ಲಿ ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಅಲ್ಲಿ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದರು. ಊಟ, ವಸತಿ ಎಲ್ಲ ಉಚಿತ, ಕೆಲವು ವಾರದ ತರಬೇತಿ. ಅಷ್ಟನ್ನು ಎಲ್ಲರೂ ಮಾಡುತ್ತಾರೆ. ಇವರ ಹೆಚ್ಚುಗಾರಿಕೆ ಅಂದರೆ ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನು ಹತ್ತುವುದು. ಸಾಲ ಸಿಕ್ಕಿತಾ, ಗಿರಾಕಿ ಬಂದರಾ, ಎಲ್ಲಿ ನಿಂತಿದೆ ಅಂತ ವಿಚಾರಿಸುತ್ತಾ ಇರುತ್ತಾರೆ. ಕೇಂದ್ರ ಸರ್ಕಾರ ಇದನ್ನೇ ಮಾದರಿ ಮಾಡಿಕೊಂಡು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರಗಳನ್ನು ತೆರೆಸಿತು. ನಮ್ಮ ಒಂದು ಹಳ್ಳಿಯಲ್ಲಿ ಹುಟ್ಟಿದ ಪದ್ಧತಿ ದೇಶಕ್ಕೆಲ್ಲ ಹೋಯಿತು ಅಂದರೆ ನನಗೆ ಹೆಮ್ಮೆ. ಕಲಬುರಗಿಯ ಹೆಂಗಸರ ಜೋಳದ ರೊಟ್ಟಿಯೂ ಹಾಗೇ. ಮನೆಯಲ್ಲಿ ತಟ್ಟುವ ರೊಟ್ಟಿಗೆ ಕಲಬುರಗಿ ರೊಟ್ಟಿ ಅನ್ನುವ ಹೆಸರು ಬಂತು, ಆನ್‌ಲೈನಿನಲ್ಲಿ ಆರ್ಡರ್ ಬರುವ ಹಾಗಾಯಿತು. ಪ್ರಧಾನಿ 2025ರ ಜೂನ್‌ನಲ್ಲಿ ತಮ್ಮ ರೇಡಿಯೊ ಮಾತಿನಲ್ಲಿ ಅದನ್ನು ನೆನೆದರು. ರೊಟ್ಟಿ ತಟ್ಟುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಕೊಳ್ಳುವವರ ಹತ್ತಿರ ತಲುಪಿಸುವ ದಾರಿ ಬೇಕಿತ್ತು.

ಆಹಾರ ಪದಾರ್ಥ ಮಾಡುವವರಿಗೆ 2020ರಿಂದ ಪಿಎಂಎಫ್‌ಎಂಇ ಅನ್ನುವ ಸಬ್ಸಿಡಿ ಯೋಜನೆ ಇದೆ. ಕೇಂದ್ರದಿಂದ ಶೇ 35, ಹೆಚ್ಚೆಂದರೆ ಹತ್ತು ಲಕ್ಷ. ಕರ್ನಾಟಕ ತನ್ನ ಕಡೆಯಿಂದ ಶೇ 15 ಸೇರಿಸಿ ಅರ್ಧಕ್ಕರ್ಧ ಮಾಡಿದೆ, 15 ಲಕ್ಷದವರೆಗೆ. ದೊಡ್ಡ ಮೊತ್ತ. ಇದನ್ನು ಹೇಳಿದ ತಕ್ಷಣ ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹುಡುಗಿ ಬಂದಳು, ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷ. ಜೊತೆಗೆ ಅವಳ ತಾಯಿ. ಅಮ್ಮ ರಾಗಿ ಶಾವಿಗೆ ಮಾಡುತ್ತಾರೆ, ಈ ಯೋಜನೆಯಲ್ಲಿ ಆಟೊಮ್ಯಾಟಿಕ್ ಮೆಷಿನ್ ಹಾಕೋಣ ಅಂತಿದ್ದೀವಿ, ಎಂಟು ಲಕ್ಷ, ಅರ್ಧ ಸಬ್ಸಿಡಿ ಅಂದಳು. ತಿಂಗಳಿಗೆ ಎಷ್ಟು ಮಾರುತ್ತೀರಮ್ಮ ಅಂತ ತಾಯಿಯನ್ನು ಕೇಳಿದೆ. ನಲವತ್ತು ಕೆಜಿ ಅಂದರು. ಆ ಮೆಷಿನ್ ನಲವತ್ತು ಕೆಜಿಯನ್ನು ಒಂದೇ ದಿನದಲ್ಲಿ ಮಾಡಿ ನಿಲ್ಲುತ್ತದೆ, ಉಳಿದ 29 ದಿನ ಕಂತು ಓಡುತ್ತಿರುತ್ತದೆ. ಮಗಳ ನೋಟ್‌ಬುಕ್ ತೆಗೆಸಿ ಅಲ್ಲೇ ಲೆಕ್ಕ ಹಾಕಿದೆವು. ಕಂತು, ಕರೆಂಟು, ರಾಗಿ, ಪ್ಯಾಕಿಂಗ್ ಎಲ್ಲ ಹಾಕಿದರೆ ತಿಂಗಳಿಗೆ ಕಡಿಮೆ ಅಂದರೂ 300 ಕೆಜಿ ಹೋಗಬೇಕು. ಮೊದಲು 100 ಕೆಜಿಗೆ ಗಿರಾಕಿ ಹುಡುಕಿ, ಅಲ್ಲಿಯವರೆಗೆ ಚಿಕ್ಕ ಮೆಷಿನ್ ಸಾಕು, ಯೋಜನೆ ಎಲ್ಲೂ ಓಡಿಹೋಗುವುದಿಲ್ಲ ಅಂದೆ. ತಾಯಿಗೆ ಸ್ವಲ್ಪ ಬೇಜಾರಾಯಿತು, ಮುಖದಲ್ಲೇ ಕಾಣುತ್ತಿತ್ತು.

ಹೋದ ವಾರ ಆ ಹುಡುಗಿಯಿಂದ ಮೆಸೇಜು ಬಂತು. ಎರಡು ಅಂಗಡಿ ಒಪ್ಪಿದ್ದಾರಂತೆ. ಒಂದು ಹಾಸ್ಟೆಲಿನವರು ತಿಂಗಳಿಗೆ 60 ಕೆಜಿ ಕೇಳಿದ್ದಾರಂತೆ, ಆದರೆ ದುಡ್ಡು ಎರಡು ತಿಂಗಳು ಬಿಟ್ಟು ಕೊಡುತ್ತೇವೆ ಅಂದರಂತೆ, ಒಪ್ಪಲಾ ಸಾರ್ ಅಂತ ಕೇಳಿದ್ದಾಳೆ. ಮೊದಲು ಉದ್ಯಮ್ ನೋಂದಣಿ ಮಾಡಿಸು, ಅದು ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತೆ, ಯಾರಿಗೂ ಕಾಸು ಕೊಡಬೇಡ. ಆಮೇಲೆ ಅವರ ಹತ್ತಿರ 45 ದಿನ ಅಂತ ಬರವಣಿಗೆಯಲ್ಲಿ ತಗೋ, ಮಾಲು ಇಳಿಸಿದ ದಿನವೇ ತಾರೀಖು ಹಾಕಿಸಿ ಸಹಿ ಮಾಡಿಸಿಕೋ ಅಂತ ಬರೆದೆ. ಸರಿ ಸಾರ್, ನಾಳೆ ಹೋಗಿ ಮಾತಾಡ್ತೀನಿ ಅಂದಿದ್ದಾಳೆ.